ದೂರು ಮತ್ತು ಅಹವಾಲು

ಮೂವತ್ತು ವರ್ಷಕ್ಕೂ ಮಿಕ್ಕಿ ಕಾಲೇಜಿನಲ್ಲಿ ಕನ್ನಡ ಪಾಠ ಹೇಳಿ ನಿವೃತ್ತನಾದವನೊಬ್ಬನು ಡೇರೆಗಳ ವಿಚಾರವಾಗಿ ಮಾತನಾಡಲು ಹೊರಟರೆ ಕೇಳುವವರಿಗೆ ತುಸು ವಿಚಿತ್ರವೆನಿಸೀತು. ಹಳಗನ್ನಡ ಕಾವ್ಯಗಳಲ್ಲಿ ಸೈನ್ಯಗಳು ಬೀಡು ಬಿಡುವ ಸಂದರ್ಭಗಳನ್ನು ನಾನು ವಿದ್ಯಾರ್ಥಿಗಳಿಗೆ ಬಿಡಿಸಿ ಹೇಳಿದ್ದುಂಟು. ಆದರೆ ಆ ಬೀಡುಗಳಲ್ಲಿ ಬೆಳಗಿನ ಸ್ನಾನಕ್ಕೆ ಬಿಸಿನೀರು ಸಾಲದೆ ಹೋದರೆ ಯಾರನ್ನು ಕೇಳಬೇಕಿತ್ತು ಎಂಬ ಪ್ರಶ್ನೆ ನನಗಾಗಲಿ ಅವರಿಗಾಗಲಿ ಹೊಳೆದಿರಲಿಲ್ಲ. ಈಗ ಹೊಳೆದಿದೆ. ನನ್ನ ತಮ್ಮನ ಮನೆಯವರು ಕೆಲವು ವರ್ಷಗಳಿಂದ ಒಂದು ಶಿಬಿರತಾಣವನ್ನು ನಡೆಸುತ್ತಿದ್ದಾರೆ. ವರ್ಷಕ್ಕೆ ಮೂರು ತಿಂಗಳು ಅಲ್ಲಿದ್ದು, ಬಂದವರ ಹೆಸರು ಬರೆದುಕೊಳ್ಳುವ, ಅವರ ಗೊಣಗಾಟ ಕೇಳುವ ಕೆಲಸ ನನ್ನ ಪಾಲಿಗೆ ಬಂದಿದೆ.

ಜಾಗವಿರುವುದು ತೀರ್ಥಹಳ್ಳಿ ತಾಲ್ಲೂಕಿನ ಒಂದು ಸಣ್ಣ ಹಳ್ಳಿಯಲ್ಲಿ. ಅಡಿಕೆ ತೋಟವೇ ಜೀವನಾಧಾರ. ಕೊಳೆರೋಗ ಹಿಂದಿನಿಂದಲೂ ಇದ್ದದ್ದೇ. ಈಚೆಗೆ ಎಲೆಚುಕ್ಕಿ ರೋಗವೂ ಸೇರಿಕೊಂಡು ಫಸಲು ಇಳಿದಾಗ, ಬೆಂಗಳೂರಿನಿಂದ ಮರಳಿ ಬಂದ ತಮ್ಮನ ಮಗ ಮನೆಯ ಮೇಲ್ಗಡೆಯ ಹಕ್ಕಲನ್ನು ಸಮ ಮಾಡಿಸಿ ಆರು ಡೇರೆಗಳನ್ನು ಹಾಕಿದ. ಊರಿನವರು ಅದನ್ನು ‘ಟೆಂಟಿನ ಹಕ್ಕಲು’ ಎಂದೇ ಕರೆಯುತ್ತಾರೆ. ಆಗುಂಬೆಯ ಮಳೆಯ ಸೆರಗಿನಲ್ಲಿರುವ ಸೀಮೆಯಾದ್ದರಿಂದ ಮಳೆಗಾಲದಲ್ಲಿ ಡೇರೆಗಳನ್ನು ಮಡಿಸಿ ಅಟ್ಟಕ್ಕೇರಿಸುತ್ತಾರೆ. ಅಕ್ಟೋಬರ್ ಕಳೆದ ಮೇಲೆ ಮತ್ತೆ ಬಿಚ್ಚುತ್ತಾರೆ. ಅಡಿಗೆ ತಮ್ಮನ ಹೆಂಡತಿಯದು, ಲೆಕ್ಕಪತ್ರ ಸೊಸೆಯದು, ಹಂಡೆಗೆ ಬೆಂಕಿ ಹಾಕುವುದರಿಂದ ಹಿಡಿದು ಹಾದಿ ತೋರಿಸುವವರೆಗೆ ಉಳಿದೆಲ್ಲ ತಂದೆ ಮಗನದು.

ಅತಿಥಿಯನ್ನು ದೇವರೆಂದು ಕಾಣಬೇಕೆಂಬ ಉಪದೇಶ ತೈತ್ತಿರೀಯೋಪನಿಷತ್ತಿನ ಶಿಕ್ಷಾವಲ್ಲಿಯಲ್ಲಿ ಬರುತ್ತದೆಂಬುದು ಎಲ್ಲರಿಗೂ ತಿಳಿದದ್ದೇ. ಒಂದು ರಾತ್ರಿ ಮಾತ್ರ ನಿಲ್ಲುವವನು, ನಿಲುವು ನಿತ್ಯವಲ್ಲದವನು ಅತಿಥಿ ಎಂದು ಮನುಸ್ಮೃತಿ ಆ ಪದಕ್ಕೆ ನಿರುಕ್ತಿ ಹೇಳುತ್ತದೆ. ಇತ್ತ ‘ಗಿರಾಕಿಯದು ಎಂದೂ ತಪ್ಪಲ್ಲ’ ಎಂಬ ಅರ್ಥದ ಮಾತೊಂದು ಸೀಸರ್ ರಿಟ್ಜ್ ಎಂಬ ಹೆಸರಾಂತ ಹೋಟೆಲುಗಾರನ ಹೆಸರಿನಲ್ಲಿ ಚಲಾವಣೆಯಲ್ಲಿದೆ. ಅವನೂ 1850ರಲ್ಲಿ ಸ್ವಿಟ್ಜರ್ಲೆಂಡಿನ ಒಂದು ಹಳ್ಳಿಯ ರೈತ ಕುಟುಂಬದಲ್ಲಿ ಹುಟ್ಟಿದವನೇ. ಈ ಎರಡು ಮಾತುಗಳ ನಡುವೆ ನನ್ನ ತಮ್ಮನಂಥವರು ಸಿಕ್ಕಿಕೊಂಡಿದ್ದಾರೆ. ಬಂದವನು ದೇವರೆಂದುಕೊಂಡರೆ ಅವನಿಂದ ಹಣ ಎಣಿಸಿಕೊಳ್ಳುವಾಗ ಕೈ ಹಿಂಜರಿಯುತ್ತದೆ. ಗಿರಾಕಿ ಎಂದುಕೊಂಡರೆ, ಅವನು ನಮ್ಮ ಜಗುಲಿಯ ಮೇಲೆ ಕೂತು ನಮ್ಮ ಮನೆಯ ಸಾರಿನ ಬಗ್ಗೆ ಆಡುವ ಮಾತು ಎದೆಗೆ ನಾಟುತ್ತದೆ. ದೊಡ್ಡ ಹೋಟೆಲಿನಲ್ಲಿ ದೂರು ಕೇಳುವವನಿಗೆ ಸಂಬಳವುಂಟು, ಸಂಜೆ ಅವನು ತನ್ನ ಮನೆಗೆ ಹೋಗುತ್ತಾನೆ. ಇಲ್ಲಿ ಹೋಗಲು ಬೇರೆ ಮನೆಯಿಲ್ಲ.

ಒಂದು ಡಿಸೆಂಬರಿನ ಬೆಳಗ್ಗೆ ನಡೆದದ್ದನ್ನು ಹೇಳುತ್ತೇನೆ. ಗಂಡ ಹೆಂಡಿರು, ಇಬ್ಬರು ಮಕ್ಕಳು, ರಾತ್ರಿ ಕೆಳಗಿನ ಸಾಲಿನ ಡೇರೆಯಲ್ಲಿ ಮಲಗಿದ್ದವರು, ಏಳು ಗಂಟೆಗೆ ಒದ್ದೆ ಕಂಬಳಿ ಹಿಡಿದುಕೊಂಡು ಅಂಗಳಕ್ಕೆ ಬಂದರು. ಡೇರೆ ರಾತ್ರಿಯಿಡೀ ಸೋರಿತೆಂದು ಯಜಮಾನರು ಹೇಳಿದರು. ತಮ್ಮ ನಕ್ಕುಬಿಟ್ಟ. “ಈ ಚಳಿಗಾಲದಲ್ಲಿ ಎಲ್ಲಿಯ ಮಳೆ ಸ್ವಾಮಿ? ಮಕ್ಕಳು ನೀರು ಚೆಲ್ಲಿರಬೇಕು” ಎಂದ. ಆಕಾಶ ತೊಳೆದಿಟ್ಟ ಹಾಗಿತ್ತು, ಅವನ ತರ್ಕದಲ್ಲಿ ದೋಷವಿರಲಿಲ್ಲ. ಆದರೆ ಕಂಬಳಿ ಒದ್ದೆಯಾಗಿದ್ದುದೂ ಸುಳ್ಳಲ್ಲ. ಆ ಸಂಸಾರ ತಿಂಡಿಯನ್ನೂ ತಿನ್ನದೆ ಹೊರಟುಹೋಯಿತು.

ಸೊಸೆ ಏನೂ ಮಾತನಾಡಲಿಲ್ಲ. ಅಂದು ರಾತ್ರಿ ಗಂಡನನ್ನು ಕರೆದುಕೊಂಡು ಹೋಗಿ ಅದೇ ಡೇರೆಯಲ್ಲಿ, ಚಳಿಗೆ ಹೆದರಿ ಅವರು ಮಾಡಿದ್ದಂತೆಯೇ ಬಾಗಿಲು ಕಿಟಕಿಗಳನ್ನೆಲ್ಲ ಬಿಗಿದು ಮಲಗಿದಳು. ಬೆಳಗಾಗುವಷ್ಟರಲ್ಲಿ ಮೇಲಿನ ಬಟ್ಟೆಯಿಂದ ಹನಿಗಳು ತೊಟ್ಟಿಕ್ಕುತ್ತಿದ್ದವು. ಸಂಗತಿ ಇಷ್ಟೇ. ಮಲಗಿದ ಮನುಷ್ಯನ ಉಸಿರಿನಿಂದಲೂ ಚರ್ಮದಿಂದಲೂ ಒಂದು ರಾತ್ರಿಯಲ್ಲಿ ಸುಮಾರು ಒಂದು ಲೋಟದಷ್ಟು ನೀರು ಆವಿಯಾಗಿ ಹೊರಬೀಳುತ್ತದೆ. ನಾಲ್ವರು ಮಲಗಿದರೆ ನಾಲ್ಕು ಲೋಟ. ಹೊರಗೆ ಹೋಗಲು ದಾರಿಯಿಲ್ಲದ ಆ ಆವಿ ತಣ್ಣಗಾದ ಬಟ್ಟೆಗೆ ತಗುಲಿ, ಅನ್ನದ ಪಾತ್ರೆಯ ಮುಚ್ಚಳದಡಿ ಹನಿಗಟ್ಟುವಂತೆ ಹನಿಗಟ್ಟಿ, ಇಳಿಯುತ್ತದೆ. ಅದರ ಮೇಲೆ ತಣ್ಣನೆಯ ಗಾಳಿ ಭಾರವಾದದ್ದು, ರಾತ್ರಿ ಇಳಿಜಾರಿನುದ್ದಕ್ಕೂ ಹರಿದು ತಗ್ಗಿನಲ್ಲಿ ನಿಲ್ಲುತ್ತದೆ. ತೋಟದ ಕಡೆಗಿದ್ದ ಕೆಳಸಾಲಿನ ಡೇರೆಗಳು ಅಂಥ ತಗ್ಗಿನಲ್ಲಿಯೇ ಇದ್ದವು. ನೋಟ ಚೆನ್ನಾಗಿದೆಯೆಂದು ಅಲ್ಲಿ ಹಾಕಿದ್ದು!

ಅವುಗಳನ್ನು ಮೇಲಿನ ದಿಬ್ಬಕ್ಕೆ ಒಯ್ದರು. ನಡುವೆ ಗಾಳಿ ಆಡುವಂತೆ ಎರಡು ಪದರದ ಹೊದಿಕೆ ಹಾಕಿದರು. ಸೊಳ್ಳೆಪರದೆಯ ಕಿಟಕಿಯನ್ನು ಅಂಗೈ ಅಗಲವಾದರೂ ತೆರೆದಿಟ್ಟು, ಇನ್ನೊಂದು ಕಂಬಳಿ ಹೊದ್ದುಕೊಳ್ಳಿರೆಂದು ಈಗ ಪ್ರತಿ ಡೇರೆಯಲ್ಲೂ ಹೇಳಿ ಬರುತ್ತಾರೆ. ಸೊಸೆ ಆ ಯಜಮಾನರಿಗೆ ಫೋನು ಮಾಡಿ, “ನೀವು ಹೇಳಿದ್ದು ನಿಜ, ನಮಗೆ ತಿಳಿಯಲಿಲ್ಲ” ಎಂದು ಕಾರಣ ವಿವರಿಸಿ ಅರ್ಧ ಹಣ ಹಿಂದಿರುಗಿಸಿದಳು. ತಮ್ಮನಿಗೆ ಹಣ ಹೋದದ್ದಕ್ಕಿಂತ ‘ನೀವು ಹೇಳಿದ್ದು ನಿಜ’ ಎಂದದ್ದು ಹೆಚ್ಚು ಕಹಿಯಾಯಿತು. ಎರಡು ದಿನ ಅವನು ಸೊಸೆಯೊಡನೆ ಸರಿಯಾಗಿ ಮಾತನಾಡಲಿಲ್ಲ.

ಅಂದಹಾಗೆ, ಮೋಜಿಗಾಗಿ ಡೇರೆ ಹಾಕಿ ಮಲಗುವ ಹವ್ಯಾಸಕ್ಕೆ ಮೂಲಪುರುಷನೆನ್ನಿಸಿಕೊಂಡ ಥಾಮಸ್ ಹೈರಮ್ ಹೋಲ್ಡಿಂಗ್ ಲಂಡನ್ನಿನ ಒಬ್ಬ ದರ್ಜಿ. 1908ರಲ್ಲಿ ಅವನು ಶಿಬಿರವಾಸಿಗಳಿಗಾಗಿ ಒಂದು ಕೈಪಿಡಿಯನ್ನೇ ಬರೆದ. ಬಟ್ಟೆಯ ಸ್ವಭಾವ ಬಲ್ಲವನು ಈ ದಾರಿಯಲ್ಲಿ ಮುಂದೆ ನಿಂತದ್ದು ನನಗಂತೂ ಆಶ್ಚರ್ಯವೆನಿಸುವುದಿಲ್ಲ.

ಭಾಷೆಯ ಮೇಷ್ಟರಾದ ನನಗೆ ಆ ದಿನಗಳಲ್ಲಿ ಎರಡು ಪದಗಳು ತಲೆಯಲ್ಲಿ ಸುತ್ತುತ್ತಿದ್ದವು. ಕನ್ನಡದಲ್ಲಿ ‘ದೂರು’ ಎಂಬುದು ನಾಮವೂ ಹೌದು, ಕ್ರಿಯೆಯೂ ಹೌದು. ದೂರುವುದೆಂದರೆ ತಪ್ಪು ಹೊರಿಸುವುದು, ನಿಂದಿಸುವುದು. ಅದಕ್ಕೆ ಎದುರಿಗೊಬ್ಬ ಅಪರಾಧಿ ಬೇಕು. ನಮ್ಮ ಕಚೇರಿಗಳಲ್ಲಿ ಬಳಕೆಯಲ್ಲಿರುವ ಇನ್ನೊಂದು ಪದ ‘ಅಹವಾಲು’. ಅರಬ್ಬಿಯಿಂದ ಫಾರಸಿಯ ದಾರಿ ಹಿಡಿದು ಬಂದ ಈ ಪದದ ಮೂಲಾರ್ಥ ಸ್ಥಿತಿಗತಿಗಳು ಎಂದಷ್ಟೇ. ‘ಹಾಲ್’ ಎಂದರೆ ಸ್ಥಿತಿ, ಅದರ ಬಹುವಚನ ‘ಅಹ್ವಾಲ್’. ಆ ಯಜಮಾನರು ತಂದದ್ದು ಕಂಬಳಿಯ ಅಹವಾಲು, ನನ್ನ ತಮ್ಮ ಕೇಳಿಸಿಕೊಂಡದ್ದು ಮನೆಯ ಮೇಲಿನ ದೂರು. ಅವರು ಕಂಡದ್ದರಲ್ಲಿ ಸುಳ್ಳಿರಲಿಲ್ಲ, ಊಹಿಸಿದ ಕಾರಣ ಮಾತ್ರ ತಪ್ಪಾಗಿತ್ತು. ಕಾರಣವನ್ನು ಅಲ್ಲಗಳೆಯುವ ಆತುರದಲ್ಲಿ ನಾವು ಕಂಡದ್ದನ್ನೂ ಅಲ್ಲಗಳೆದುಬಿಟ್ಟೆವು.

ಸೊಸೆಯ ಕ್ರಮ ಬೇರೆ. ಯಾರಾದರೂ ಹೇಳಲು ಬಂದರೆ ಕೊನೆಯವರೆಗೆ ಕೇಳುತ್ತಾಳೆ. ಆಮೇಲೆ “ಬನ್ನಿ, ನೋಡೋಣ” ಎಂದು ಅವರ ಜೊತೆಗೇ ಆ ಸ್ಥಳಕ್ಕೆ ನಡೆಯುತ್ತಾಳೆ. ಜಗುಲಿಯಿಂದ ದಿಬ್ಬದವರೆಗೆ ನೂರು ಹೆಜ್ಜೆ. ಅಷ್ಟು ಹತ್ತುವುದರಲ್ಲಿ ಅರ್ಧ ಕೋಪ ಇಳಿದಿರುತ್ತದೆ. ಈ ‘ನೋಡೋಣ’ ಎಂಬ ಪದದ ಬಗ್ಗೆ ಎಚ್ಚರ ಬೇಕು. ಮಲೆನಾಡಿನ ಮರ್ಯಾದೆಯಲ್ಲಿ ‘ನೋಡೋಣ’ ಎಂದರೆ ಬಹುಮಟ್ಟಿಗೆ ‘ಆಗುವುದಿಲ್ಲ’ ಎಂದೇ ಅರ್ಥ. ಮುಖ ಮುರಿಯದೆ ನಿರಾಕರಿಸುವ ನಯ. ಪಟ್ಟಣದಿಂದ ಬಂದವರಿಗೆ ಅದು ವಾಗ್ದಾನದಂತೆ ಕೇಳಿಸುತ್ತದೆ. ಎಂಟು ಗಂಟೆಗೆ ಎಲ್ಲರಿಗೂ ಬಿಸಿನೀರು ಬೇಕೆಂದಾಗ ತಮ್ಮ ‘ನೋಡೋಣ’ ಎಂದಿದ್ದ. ಹಂಡೆ ಒಂದೇ, ಅಡಿಕೆ ಸಿಪ್ಪೆಯ ಬೆಂಕಿ. ಖಾಲಿಯಾದ ಹಂಡೆ ಮತ್ತೆ ಕಾಯಲು ಮುಕ್ಕಾಲು ಗಂಟೆಯಾದರೂ ಬೇಕು. ಬೆಳಗ್ಗೆ ಆರು ಜನ ಟವಲು ಹೆಗಲಿಗೇರಿಸಿ ನಿಂತಿದ್ದರು. ಈಗ ರಾತ್ರಿ ಊಟದ ಹೊತ್ತಿಗೇ ಯಾರ ಸ್ನಾನ ಎಷ್ಟು ಗಂಟೆಗೆಂದು ಬರೆದುಕೊಳ್ಳುತ್ತೇವೆ. ಆಗದ್ದನ್ನು ಆಗದೆಂದೇ ಹೇಳುತ್ತೇವೆ. ಕೊನೆಯ ಎರಡು ಕಿಲೋಮೀಟರು ಮಣ್ಣಿನ ದಾರಿ, ಫೋನಿನ ಸಂಪರ್ಕ ಸಿಗುವುದು ಜಗುಲಿಯ ಒಂದು ಮೂಲೆಯಲ್ಲಿ ಮಾತ್ರ, ಹಸಿ ನೆಲದಲ್ಲಿ ಇಂಬಳವಿರುತ್ತದೆ, ಕಚ್ಚಿದರೆ ವಿಷವಿಲ್ಲದಿದ್ದರೂ ರಕ್ತ ಸ್ವಲ್ಪ ಹೊತ್ತು ನಿಲ್ಲದು, ಉಪ್ಪಿನ ಗಂಟು ಕೊಡುತ್ತೇವೆ ಎಂದು ಮುಂಗಡ ಪಡೆಯುವ ಮೊದಲೇ ತಿಳಿಸುತ್ತೇವೆ. ಇದನ್ನು ಕೇಳಿ ಬರದೆ ಉಳಿದವರೂ ಉಂಟು. ಅವರು ಬಂದಿದ್ದರೆ ಹೇಗೂ ದೂರುತ್ತಿದ್ದರು.

ಅತಿಥಿಗಳಿಬ್ಬರ ನಡುವಣ ತಕರಾರು ಎಲ್ಲಕ್ಕಿಂತ ಕಷ್ಟದ್ದು. ಒಂದು ರಾತ್ರಿ ಹುಡುಗರ ಗುಂಪು ಬೆಂಕಿಯ ಸುತ್ತ ಕೂತು ಹಾಡು ಹಾಕಿಕೊಂಡಿತ್ತು. ಪಕ್ಕದ ಡೇರೆಯ ವೃದ್ಧ ದಂಪತಿಗಳಿಗೆ ನಿದ್ದೆಯಿಲ್ಲ. ನಾನೇ ಹೋಗಿ ಬುದ್ಧಿ ಹೇಳುತ್ತೇನೆಂದು ಹೊರಟೆ. ರಾತ್ರಿ ಹತ್ತರಿಂದ ಬೆಳಗಿನ ಆರರವರೆಗೆ ಧ್ವನಿವರ್ಧಕ ಕೂಡದೆಂಬ 2000ನೆಯ ಇಸವಿಯ ಶಬ್ದಮಾಲಿನ್ಯ ನಿಯಮದಿಂದ ತೊಡಗಿ ನಾಗರಿಕತೆಯ ಲಕ್ಷಣಗಳವರೆಗೆ ಹತ್ತು ನಿಮಿಷ ಮಾತನಾಡಿದೆ. ಹುಡುಗರು ಹಾಡು ನಿಲ್ಲಿಸಿದರು. ಮರುದಿನ ಬೆಳಗ್ಗೆ ಆ ಅಜ್ಜಿ ನನ್ನ ಬಳಿ ಬಂದು, ಹಾಡಿಗೆ ಹೇಗೋ ಕಣ್ಣು ಹತ್ತಿತ್ತು, ಯಾರೋ ಭಾಷಣ ಮಾಡಿ ಎಬ್ಬಿಸಿದರು ಎಂದರು. ಈಗ ಹತ್ತಕ್ಕೆ ಸ್ವಲ್ಪ ಮೊದಲು ತಮ್ಮನ ಮಗ ಬೆಂಕಿಯ ಬಳಿ ಹೋಗಿ ಕೂರುತ್ತಾನೆ, ಕೊನೆಯ ಕಟ್ಟಿಗೆ ಇದೇ ಎಂದು ಹೇಳಿ ಇಡುತ್ತಾನೆ. ಬೆಂಕಿ ಆರಿದ ಮೇಲೆ ಚಳಿಯೇ ಅವರನ್ನು ಒಳಗೆ ಕಳುಹಿಸುತ್ತದೆ.

ಇಷ್ಟೆಲ್ಲ ಆಗಿಯೂ ಹೋದ ವರ್ಷ ಎಲ್ಲವೂ ನಿಂತೇಹೋಗುವ ಗಳಿಗೆ ಬಂದಿತ್ತು. ತಮ್ಮನ ಹೆಂಡತಿ ಇದ್ದಕ್ಕಿದ್ದಂತೆ ಬಡಿಸಲು ಹೊರಗೆ ಬರುವುದನ್ನು ಬಿಟ್ಟಳು. ಅಡಿಗೆ ಮಾಡಿಟ್ಟು ಒಳಗೇ ಉಳಿಯುವಳು. ಕೇಳಿದರೆ ಸೊಂಟನೋವು ಎನ್ನುವಳು. ಅವಳು ಕೊರಗುವುದನ್ನು ನೋಡಲಾರದೆ ತಮ್ಮ, “ಅಣ್ಣಯ್ಯ, ಬೇಸಿಗೆ ಮುಗಿದ ಮೇಲೆ ಡೇರೆಗಳನ್ನು ಮಾರಿಬಿಡುತ್ತೇನೆ” ಎಂದ. ಕಾರಣ ಬಿಡಿಸಿ ಕೇಳಿದಾಗ ತಿಳಿಯಿತು. ಯಾರೋ ಪುಸ್ತಕದಲ್ಲಿ ಊಟದ ಬಗ್ಗೆ ಬರೆದಿದ್ದರು. ತಮ್ಮ ಅದನ್ನು ಓದಿ, ಕೋಪದಲ್ಲಿ, “ನಿನ್ನ ಅಡಿಗೆ ಸರಿಯಿಲ್ಲವಂತೆ” ಎಂದು ಹೆಂಡತಿಗೆ ಹೇಳಿದ್ದ. ಮೂವತ್ತೈದು ವರ್ಷ ಆ ಮನೆಯಲ್ಲಿ ಬಂದ ನೆಂಟರಿಗೆಲ್ಲ ಬಡಿಸಿದ ಕೈ ಅದು.

ನಾನು ಪುಸ್ತಕ ತೆಗೆದುಕೊಂಡು ಅಡಿಗೆಮನೆಗೆ ಹೋದೆ. ಅವಳು ಬೇಡವೆಂದು ತಲೆಯಾಡಿಸಿದರೂ ಬರೆದದ್ದನ್ನು ಪೂರ್ತಿಯಾಗಿ ಓದಿ ಹೇಳಿದೆ. ಊಟ ಒಳ್ಳೆಯದಿತ್ತು, ಆದರೆ ಅಮ್ಮನಿಗೆ ಎಂಬತ್ತು ದಾಟಿದೆ, ಹಲ್ಲಿಲ್ಲ, ಎರಡು ಹೊತ್ತೂ ಅಕ್ಕಿರೊಟ್ಟಿಯೇ ಇದ್ದುದರಿಂದ ಅವರು ಬರೀ ಮಜ್ಜಿಗೆ ಕುಡಿದು ಮಲಗಿದರು, ಕೇಳಲು ನಮಗೆ ಸಂಕೋಚವಾಯಿತು. ಬರೆದದ್ದರ ಸಾರ ಇಷ್ಟೇ.

ಅವಳು ಒಲೆಯ ಮುಂದೆ ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದಳು. ಆಮೇಲೆ, “ಅಲ್ಲ ಭಾವ, ಆ ಅಜ್ಜಿ ಹಸಿದುಕೊಂಡು ಮಲಗಿದ್ದರೇ? ಬಾಯಿಬಿಟ್ಟು ಒಂದು ಮಾತು ಹೇಳಿದ್ದರೆ ಗಂಜಿ ಮಾಡಿಕೊಡುತ್ತಿದ್ದೆನಲ್ಲ” ಎಂದಳು. ಗಂಡನ ಮೇಲೆ ಅವಳಿಗೆ ಬಂದ ಸಿಟ್ಟನ್ನು ನಾನು ಇಲ್ಲಿ ವಿವರಿಸುವುದಿಲ್ಲ. ಅಂದಿನಿಂದ ಬಂದವರ ಹೆಸರು ಬರೆದುಕೊಳ್ಳುವಾಗ, ವಯಸ್ಸಾದವರಿದ್ದಾರೆಯೇ, ಎಳೆಮಕ್ಕಳಿದ್ದಾರೆಯೇ, ಸಕ್ಕರೆ ಕಾಯಿಲೆಯವರಿದ್ದಾರೆಯೇ ಎಂದು ಕೇಳಿ ಅದನ್ನೂ ಬರೆದು ಅಡಿಗೆಮನೆಗೆ ತಿಳಿಸುವುದು ನನ್ನ ಕರ್ತವ್ಯ. ಪುಸ್ತಕದ ರಟ್ಟಿನ ಮೇಲೆ ‘ದೂರು’ ಎಂದಿದ್ದುದನ್ನು ಹೊಡೆದುಹಾಕಿ ‘ಅಹವಾಲು’ ಎಂದು ಬರೆದಿದ್ದೇನೆ. ಆ ಪದದ ಅರ್ಥವನ್ನು ಬಂದವರಿಗೆಲ್ಲ ವಿವರಿಸಬಾರದೆಂದು ಸೊಸೆಯ ಕಟ್ಟಪ್ಪಣೆಯಾಗಿದೆ.

ಬಗೆಹರಿಯದೆ ಉಳಿದವೂ ಇವೆ. ಮನೆಯ ಹುಂಜ ಬೆಳಗಿನ ಜಾವ ನಾಲ್ಕಕ್ಕೇ ಕೂಗುತ್ತದೆಂದು ಹಲವರು ಬರೆದರು. ಅದನ್ನು ಕೊಡಲು ತಮ್ಮನ ಹೆಂಡತಿ ಒಪ್ಪಲಿಲ್ಲ. ಆದಕಾರಣ ಹುಂಜದ ವಿಚಾರವನ್ನೂ ಫೋನಿನಲ್ಲಿ ಮುಂಚಿತವಾಗಿಯೇ ತಿಳಿಸುತ್ತಿದ್ದೇವೆ. ಕಳೆದ ಜನವರಿಯಲ್ಲಿ ಒಬ್ಬರು ಬರೆದಿಟ್ಟುಹೋದ ಅಹವಾಲಿಗೆ ಮಾತ್ರ ಏನು ಉತ್ತರ ಕೊಡಬೇಕೆಂದು ತೋಚಿಲ್ಲ. ಎರಡು ರಾತ್ರಿ ಇದ್ದರಂತೆ, ಮಗುವಿಗೆ ಕೇಳಿಸಬೇಕೆಂದು ನಾಲ್ಕಕ್ಕೇ ಎಬ್ಬಿಸಿಕೊಂಡು ಕಾದರಂತೆ, ಹುಂಜ ಕೂಗಲೇ ಇಲ್ಲವಂತೆ.