ಜೊಲ್ಲುಗ್ರಂಥಿಯ ಕ್ಯಾನ್ಸರ್: ಪರೀಕ್ಷೆಗೆ ಇಟ್ಟ ಜೀವಕೋಶ ಯಾರದು?

ವಿಜಯಪುರದ ಜೋರಾಪುರ ಪೇಟೆಯಲ್ಲಿ ಖಡಕ್ ರೊಟ್ಟಿ ಇಲ್ಲದ ಊಟ ಅಪರೂಪ. ಆ ರೊಟ್ಟಿಯನ್ನು ಮೆತ್ತಗೆ ಮಾಡಿ ಗಂಟಲಿಗಿಳಿಸುವುದು ಬಾಯಿಯ ಜೊಲ್ಲು. ಇದನ್ನು ಸ್ರವಿಸಲು ಕಿವಿಯ ಮುಂದೆ, ದವಡೆಯ ಕೆಳಗೆ ಮತ್ತು ನಾಲಿಗೆಯ ಅಡಿಯಲ್ಲಿ ಮೂರು ಜೊತೆ ದೊಡ್ಡ ಗ್ರಂಥಿಗಳಿವೆ. ಬಾಯಿಯ ಒಳಪದರದಲ್ಲಿ ನೂರಾರು ಸಣ್ಣ ಗ್ರಂಥಿಗಳೂ ಇವೆ.

ಈ ಗ್ರಂಥಿಗಳಿಗೂ ಅಪರೂಪವಾಗಿ ಕ್ಯಾನ್ಸರ್ ಬರುತ್ತದೆ. ಗುಟ್ಕಾ, ತಂಬಾಕು ಮುಟ್ಟದವರಿಗೂ ಬರಬಹುದು. ಇದರಲ್ಲಿ ‘ಅಡಿನಾಯ್ಡ್ ಸಿಸ್ಟಿಕ್ ಕಾರ್ಸಿನೋಮ’ ಎಂಬ ಬಗೆ ನಿಧಾನವಾಗಿ ಬೆಳೆದರೂ ನರಗಳ ಗುಂಟ ಹಬ್ಬುತ್ತದೆ. ಶಸ್ತ್ರಚಿಕಿತ್ಸೆಯಾಗಿ ಹಲವು ವರ್ಷಗಳ ಮೇಲೂ ಶ್ವಾಸಕೋಶದಲ್ಲಿ ಕಾಣಿಸಿಕೊಳ್ಳಬಲ್ಲದು.

ಹರಡುವುದನ್ನು ಅರಿಯುವುದು ಹೇಗೆ?

ಗಡ್ಡೆಯಿಂದ ತೆಗೆದ ಜೀವಕೋಶಗಳನ್ನು ವಿಜ್ಞಾನಿಗಳು ಪೋಷಕ ದ್ರವವಿರುವ ತಟ್ಟೆಯಲ್ಲಿ, 37 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಬೆಳೆಸುತ್ತಾರೆ. ಸೂಕ್ಷ್ಮ ರಂಧ್ರಗಳ ಪೊರೆಗೆ ಲೋಳೆಯಂಥ ಲೇಪ ಕೊಟ್ಟು, ಅದರ ಮೇಲೆ ಕೋಶಗಳನ್ನು ಬಿಡುತ್ತಾರೆ. ಲೇಪವನ್ನು ಕರಗಿಸಿ ಆಚೆ ದಾಟಿದ ಕೋಶಗಳೆಷ್ಟು ಎಂದು ಎಣಿಸುತ್ತಾರೆ. ಔಷಧ ಹಾಕಿದಾಗ ಆ ಸಂಖ್ಯೆ ಇಳಿದರೆ ಹರಡುವಿಕೆ ತಡೆಯುವ ದಾರಿಯೊಂದು ಸಿಕ್ಕೀತೆಂಬ ಆಸೆ.

ಆದರೆ ತಟ್ಟೆಯಲ್ಲಿರುವುದು ನಿಜಕ್ಕೂ ಜೊಲ್ಲುಗ್ರಂಥಿಯ ಕೋಶವೇ? 2009ರಲ್ಲಿ ಪ್ರಕಟವಾದ ಡಿಎನ್‌ಎ ಪರೀಕ್ಷೆಯೊಂದು ಬೆಚ್ಚಿಬೀಳಿಸುವ ಉತ್ತರ ಕೊಟ್ಟಿತು. ಈ ರೋಗದ್ದೆಂದು ಬಳಸುತ್ತಿದ್ದ ಆರು ಕೋಶತಳಿಗಳೂ ಬೇರೆಯವಾಗಿದ್ದವು! ಮೂರು ತಳಿಗಳು ‘ಹೀಲಾ’ ಕೋಶಗಳು. ಅಂದರೆ ಅಮೆರಿಕದ ಹೆನ್ರಿಯೆಟಾ ಲ್ಯಾಕ್ಸ್ ಎಂಬ ಮಹಿಳೆಯ ಗರ್ಭಕಂಠದ ಗಡ್ಡೆಯಿಂದ 1951ರಲ್ಲಿ ತೆಗೆದವು. ಒಂದು ಮೂತ್ರಕೋಶದ ಕ್ಯಾನ್ಸರಿನದು. ಉಳಿದೆರಡು ಮನುಷ್ಯರವೇ ಅಲ್ಲ. ಶ್ವಾಸಕೋಶಕ್ಕೆ ಹರಡುವುದನ್ನು ತಿಳಿಯಲು ಬಳಸುತ್ತಿದ್ದ ತಳಿಯೂ ಹೀಲಾ ಆಗಿತ್ತು.

ಹೀಲಾ ಕೋಶಗಳು ಬಲು ಬೇಗ ಬೆಳೆಯುತ್ತವೆ. ಒಂದು ಹನಿ ತಪ್ಪಿ ಬೇರೆ ತಟ್ಟೆಗೆ ಬಿದ್ದರೂ ಸಾಕು, ಹೊಲದ ಕಳೆಯಂತೆ ಹಬ್ಬಿ ಮೂಲ ಬೆಳೆಯನ್ನೇ ನುಂಗುತ್ತವೆ. ಆದ್ದರಿಂದ ಪ್ರಯೋಗಕ್ಕೆ ಮೊದಲು ಕೋಶಗಳ ಡಿಎನ್‌ಎ ಗುರುತು ನೋಡುವುದು ಅಗತ್ಯ. ಪುಣೆಯ ರಾಷ್ಟ್ರೀಯ ಜೀವಕೋಶ ವಿಜ್ಞಾನ ಕೇಂದ್ರದಲ್ಲಿ ನಮ್ಮ ದೇಶದ ಸಂಶೋಧಕರಿಗೆ ಕೋಶತಳಿಗಳನ್ನು ಒದಗಿಸುವ ಭಂಡಾರವಿದೆ.

ನೀವೇನು ಮಾಡಬೇಕು?

ಕಿವಿಯ ಮುಂದೆ ಅಥವಾ ದವಡೆಯ ಕೆಳಗೆ ಗಂಟು ಕಂಡು ಎರಡು ಮೂರು ವಾರವಾದರೂ ಕರಗದಿದ್ದರೆ, ಮುಖದ ಒಂದು ಬದಿ ಜೋಮು ಹಿಡಿದರೆ, ಬಾಯಿ ಸೊಟ್ಟಗಾದರೆ ತಡಮಾಡದೆ ವೈದ್ಯರಿಗೆ ತೋರಿಸಿ. ಕಿವಿಯ ಮುಂದಿನ ಗ್ರಂಥಿಯ ಗಡ್ಡೆಗಳಲ್ಲಿ ಹೆಚ್ಚಿನವು ಕ್ಯಾನ್ಸರ್ ಅಲ್ಲ. ಆದರೂ ಸೂಜಿಯಿಂದ ಕೋಶ ತೆಗೆದು ನೋಡದೆ ಅದನ್ನು ಹೇಳಲಾಗದು. ಪ್ರಯೋಗಾಲಯಕ್ಕೆ ಅನ್ವಯಿಸುವ ಮಾತೇ ಮನೆಗೂ ಅನ್ವಯಿಸುತ್ತದೆ: ಊಹೆ ಬೇಡ, ಪರೀಕ್ಷೆ ಇರಲಿ.