ಕಳಚಬಹುದಾದ ಕೇಬಲ್: ಹೆಡ್‌ಫೋನ್ ದುರಸ್ತಿಯಿಂದ ವಿದ್ಯುತ್ ಪಾಠಕ್ಕೆ

ಭಾಷಾ ಕೌಶಲಗಳಲ್ಲಿ ಆಲಿಸುವಿಕೆ ಮೊದಲನೆಯದು. ಧ್ವನಿಮುದ್ರಿತ ಪದ್ಯವನ್ನೋ ಸಂಭಾಷಣೆಯನ್ನೋ ಹೆಡ್‌ಫೋನ್‌ನಲ್ಲಿ ಕೇಳಿಸಿ, ಅದರ ಮೇಲೆ ಪ್ರಶ್ನೆ ಕೊಡುವ ಪಾಠಗಳನ್ನು ಪ್ರಶಿಕ್ಷಣಾರ್ಥಿಗಳು ಬೋಧನಾಭ್ಯಾಸದಲ್ಲಿ ಯೋಜಿಸುವುದುಂಟು. ಅಂಥ ಪಾಠದಲ್ಲಿ ಒಂದು ಮಗು ಉತ್ತರ ಬರೆಯದಿದ್ದರೆ, ಅದರ ಹೆಸರಿನ ಮುಂದೆ ‘ಆಲಿಸುವ ಕೌಶಲ ಸಾಲದು’ ಎಂದು ಬರೆಯುವ ಮೊದಲು ಧ್ವನಿ ಆ ಮಗುವಿನ ಕಿವಿಗೆ ನಿಜವಾಗಿ ತಲುಪಿತ್ತೇ ಎಂದು ನೋಡಬೇಕು. ಹೆಡ್‌ಫೋನ್‌ಗಳಲ್ಲಿ ಬಹುಬೇಗ ಕೆಡುವ ಭಾಗ ಕೇಬಲ್. ಅದನ್ನು ಕಳಚಿ ಬದಲಿಸುವಂತೆ ಮಾಡಿಕೊಳ್ಳುವುದು ಹೇಗೆ, ಅದೇ ಕೆಲಸವನ್ನು 10ನೇ ತರಗತಿಯ ವಿದ್ಯುತ್ ಪಾಠಕ್ಕೆ ಬಳಸುವುದು ಹೇಗೆ ಎಂಬುದನ್ನು ಇಲ್ಲಿ ವಿವರಿಸಿದೆ.

ಕೇಬಲ್ ಎಲ್ಲಿ ತುಂಡಾಗುತ್ತದೆ?

ಹೆಡ್‌ಫೋನ್ ಕೇಬಲ್ ಸಾಮಾನ್ಯವಾಗಿ ನಡುವೆ ತುಂಡಾಗುವುದಿಲ್ಲ. ಪಿನ್ನಿನ ಹಿಂಭಾಗದಲ್ಲಿ ಅಥವಾ ಕೇಬಲ್ ಕಿವಿಯ ಬಟ್ಟಲನ್ನು ಸೇರುವಲ್ಲಿ ತುಂಡಾಗುತ್ತದೆ. ಬಾಗುವ ತಂತಿ ಗಟ್ಟಿ ಭಾಗವೊಂದನ್ನು ಸೇರುವ ಜಾಗಗಳು ಇವೆರಡೇ. ಮತ್ತೆ ಮತ್ತೆ ಬಗ್ಗಿದ ಲೋಹ ದಣಿದು ಮುರಿಯುತ್ತದೆ. ಹೊರಗಿನ ಪ್ಲಾಸ್ಟಿಕ್ ಹೊದಿಕೆ ಸರಿಯಾಗಿಯೇ ಇರುವುದರಿಂದ ದೋಷ ಕಣ್ಣಿಗೆ ಬೀಳುವುದಿಲ್ಲ.

ತಯಾರಕರೂ ಇದನ್ನು ಬಲ್ಲರು. ಆಡಿಯೋ-ಟೆಕ್ನಿಕಾದ ಎಟಿಎಚ್-ಎಂ50 ಮಾದರಿಗೆ ಕೇಬಲ್ ಒಳಗೇ ಬೆಸೆದಿತ್ತು. 2014ರಲ್ಲಿ ಬಂದ ಎಂ50ಎಕ್ಸ್ ಮಾದರಿಯಲ್ಲಿ ಅದು ಕಳಚುವಂತಾಯಿತು. ಧ್ವನಿಮುದ್ರಣ ಕೋಣೆಗಳಲ್ಲಿ ಹೆಸರಾದ ಸೋನಿ ಎಂಡಿಆರ್-7506ರ ಸುರುಳಿ ಕೇಬಲ್ ಎಡ ಬಟ್ಟಲಿಗೆ ಬೆಸೆದೇ ಬರುತ್ತದೆ. ಅದನ್ನು ಮನೆಯಲ್ಲೇ ಸಾಕೆಟ್‌ಗೆ ಬದಲಿಸಿಕೊಳ್ಳುವವರು ಬಹಳ. ಕೇಬಲ್ ಕಳಚುವಂತಿದ್ದರೆ, ಕಾಲಿಗೆ ತೊಡರಿ ಜಗ್ಗಿದಾಗ ಪಿನ್ ಹೊರಬರುತ್ತದೆ, ಒಳಗಿನ ಬೆಸುಗೆ ಉಳಿಯುತ್ತದೆ. ಕೇಬಲ್ ಕೆಟ್ಟರೆ ಅಂಗಡಿಯಲ್ಲಿ ಸಿಗುವ ಆಕ್ಸ್ ಕೇಬಲ್ ಹಾಕಿದರಾಯಿತು.

ಮೂರು ಸಂಪರ್ಕಗಳು, ಮೂರು ದೋಷಗಳು

ಮೈಕ್ ಇಲ್ಲದ ಹೆಡ್‌ಫೋನ್‌ನ 3.5 ಮಿ.ಮೀ. ಪಿನ್ನಿನಲ್ಲಿ ಎರಡು ಕಪ್ಪು ಗೆರೆಗಳಿದ್ದು, ಅವು ಪಿನ್ನನ್ನು ಮೂರು ಭಾಗ ಮಾಡುತ್ತವೆ. ತುದಿ ಎಡ ಕಿವಿಗೆ, ನಡುವಿನ ಉಂಗುರ ಬಲ ಕಿವಿಗೆ, ಬುಡ ಎರಡೂ ಕಿವಿಗಳಿಂದ ಪ್ರವಾಹ ಹಿಂದಿರುಗುವ ಸಾಮಾನ್ಯ ದಾರಿ. ತುದಿಯ ತಂತಿ ತುಂಡಾದರೆ ಎಡ ಕಿವಿ ಮೌನವಾಗುತ್ತದೆ, ಉಂಗುರದ ತಂತಿ ತುಂಡಾದರೆ ಬಲ ಕಿವಿ. ಈ ಎರಡು ದೋಷಗಳನ್ನು ಯಾರೂ ಗುರುತಿಸಬಲ್ಲರು.

ಬುಡದ ತಂತಿ ತುಂಡಾದಾಗಿನ ದೋಷ ನಮ್ಮನ್ನು ಮೋಸಗೊಳಿಸುತ್ತದೆ. ಆಗ ಎರಡೂ ಕಿವಿಯ ಡ್ರೈವರ್‌ಗಳು ಸರಣಿಯಲ್ಲಿ ಜೋಡಣೆಯಾಗಿ, ಅವುಗಳ ಎರಡು ತುದಿಗಳಿಗೆ ಎಡ ಮತ್ತು ಬಲ ಸಂಕೇತಗಳು ಬರುತ್ತವೆ. ಎರಡೂ ಸಂಕೇತ ಒಂದೇ ಆಗಿದ್ದರೆ ವಿಭವಾಂತರವಿಲ್ಲ, ಪ್ರವಾಹವಿಲ್ಲ, ಧ್ವನಿಯೂ ಇಲ್ಲ. ಸಂಕೇತಗಳು ಬೇರೆಯಾಗಿದ್ದಷ್ಟು ಮಾತ್ರ ಕೇಳಿಸುತ್ತದೆ. ಸಿನಿಮಾ ಹಾಡಿನಲ್ಲಿ ವಾದ್ಯಗಳು ಎಡಬಲಕ್ಕೆ ಹಂಚಿಕೆಯಾಗಿರುವುದರಿಂದ ಅವು ಕೇಳಿಸುತ್ತವೆ. ಎರಡೂ ಕಡೆ ಸಮನಾಗಿರುವ ಗಾಯಕರ ದನಿ ಕ್ಷೀಣಿಸುತ್ತದೆ. ಶಿಕ್ಷಕರು ಮೊಬೈಲಿನಲ್ಲಿ ಮುದ್ರಿಸಿದ ಓದು ಸಾಮಾನ್ಯವಾಗಿ ಎರಡೂ ಕಡೆ ಒಂದೇ ಆಗಿರುತ್ತದೆ. ಹೀಗಾಗಿ ಪಾಠಕ್ಕೆ ಮುಂಚೆ ಹಾಡು ಹಾಕಿ ಪರೀಕ್ಷಿಸಿದರೆ ಹೆಡ್‌ಫೋನ್ ಸರಿಯಿದೆ ಎನಿಸುತ್ತದೆ, ಪಾಠ ಶುರುವಾದಾಗ ಮಗುವಿಗೆ ಏನೂ ಕೇಳಿಸುವುದಿಲ್ಲ.

ಮಲ್ಟಿಮೀಟರಿನಿಂದ ಪತ್ತೆ

ಮಲ್ಟಿಮೀಟರನ್ನು 200 ಓಂ ಶ್ರೇಣಿಗೆ ಇಟ್ಟು ಮೂರು ಅಳತೆ ತೆಗೆದುಕೊಳ್ಳಬೇಕು. ಅಳೆಯುವಾಗ ಹೆಡ್‌ಫೋನ್ ಯಾರ ಕಿವಿಯಲ್ಲೂ ಇರಬಾರದು.

1. ತುದಿ–ಬುಡ: ಹೆಡ್‌ಫೋನ್ ಮೇಲೆ 32 ಓಂ ಎಂದಿದ್ದರೆ ಅದಕ್ಕೆ ಹತ್ತಿರದ ಬೆಲೆ ಬರಬೇಕು.
2. ಉಂಗುರ–ಬುಡ: ಹೆಚ್ಚುಕಡಿಮೆ ಅದೇ ಬೆಲೆ.
3. ತುದಿ–ಉಂಗುರ: ಮೊದಲೆರಡರ ಮೊತ್ತ, ಅಂದರೆ ಸುಮಾರು 64 ಓಂ.

ಮೊದಲೆರಡು ಅಳತೆಯಲ್ಲಿ ಮಂಡಲ ತೆರೆದಿದೆ ಎಂದು ತೋರಿ ಮೂರನೆಯದು ಸರಿಯಾಗಿ ಬಂದರೆ ಬುಡದ ತಂತಿಯೇ ತುಂಡಾಗಿದೆ. ಮೀಟರ್ ನೋಡುತ್ತ ಕೇಬಲ್ಲನ್ನು ಪಿನ್ನಿನ ಬಳಿ, ಆಮೇಲೆ ಬಟ್ಟಲಿನ ಬಳಿ ಮೆಲ್ಲಗೆ ಅಲ್ಲಾಡಿಸಬೇಕು. ಎಲ್ಲಿ ಅಲ್ಲಾಡಿಸಿದಾಗ ಅಂಕಿ ಹಾರಾಡುತ್ತದೋ ದೋಷ ಅಲ್ಲಿದೆ.

ಯಾವುದನ್ನು ಮಾರ್ಪಡಿಸಬಹುದು?

ಮೂರು ಭಾಗದ ಪಿನ್ ಇರುವ ಸರಳ ಹೆಡ್‌ಫೋನ್ ಈ ಕೆಲಸಕ್ಕೆ ತಕ್ಕದ್ದು. ಯುಎಸ್‌ಬಿ ಪಿನ್ನಿನ ಹೆಡ್‌ಸೆಟ್, ಬ್ಯಾಟರಿ ಇರುವ ಬ್ಲೂಟೂತ್ ಹೆಡ್‌ಸೆಟ್‌ಗಳನ್ನು ಬಿಚ್ಚಬಾರದು. ಮೈಕ್ ಇದ್ದು ನಾಲ್ಕು ಭಾಗದ ಪಿನ್ ಇದ್ದರೆ ಸಾಕೆಟ್ ಕೂಡ ನಾಲ್ಕು ಸಂಪರ್ಕದ್ದೇ ಬೇಕು.

ಕೇಬಲ್ ಒಂದೇ ಬಟ್ಟಲಿಗೆ ಬಂದು, ಅಲ್ಲಿಂದ ತಲೆಪಟ್ಟಿಯ ಮೂಲಕ ಇನ್ನೊಂದಕ್ಕೆ ಹೋಗುವ ಮಾದರಿಯಾದರೆ ಆ ಬಟ್ಟಲಿನಲ್ಲೇ ಸಾಕೆಟ್ ಕೂರಿಸಬಹುದು. ಎರಡು ಬಟ್ಟಲಿಗೂ ಪ್ರತ್ಯೇಕ ತಂತಿ ಹೋಗುವ ಮಾದರಿಯಲ್ಲಿ, ಎರಡೂ ತಂತಿ ಕೂಡುವ ಜಾಗದಿಂದ ಕೆಳಗೆ ಹತ್ತು ಸೆಂ.ಮೀ. ಬಿಟ್ಟು ಕತ್ತರಿಸಿ, ಆ ತುದಿಗೆ ತಂತಿಗೆ ಬೆಸೆಯುವ ಹೆಣ್ಣು ಸಾಕೆಟ್ ಹಾಕುವುದು ಸುಲಭ. ಇದಕ್ಕೆ ಬಟ್ಟಲು ಬಿಚ್ಚುವ, ರಂಧ್ರ ಕೊರೆಯುವ ಅಗತ್ಯವಿಲ್ಲ.

ಮಾಡುವ ಕ್ರಮ

ಬೇಕಾಗುವ ಸಾಮಗ್ರಿ: ನಟ್ ಸಹಿತವಾದ 3.5 ಮಿ.ಮೀ. ಸ್ಟೀರಿಯೊ ಸಾಕೆಟ್, ಆಕ್ಸ್ ಕೇಬಲ್, ಸೋಲ್ಡರಿಂಗ್ ಐರನ್, ಸೋಲ್ಡರ್ ತಂತಿ, ಮಲ್ಟಿಮೀಟರ್, ಸಣ್ಣ ಡ್ರಿಲ್, ಗ್ಲೂ ಗನ್. ಬೆಂಗಳೂರಿನ ಎಸ್.ಪಿ. ರಸ್ತೆಯಂಥ ಕಡೆಯಲ್ಲಷ್ಟೇ ಅಲ್ಲ, ಊರಿನ ರೇಡಿಯೊ–ಟಿ.ವಿ. ದುರಸ್ತಿ ಅಂಗಡಿಯಲ್ಲೂ ಇವನ್ನು ಕೇಳಿ ನೋಡಬಹುದು.

ಮೊದಲು ಕಿವಿಯ ಮೆತ್ತೆ ತೆಗೆದು, ಅದರಡಿಯ ಸ್ಕ್ರೂ ಬಿಚ್ಚಿ, ಯಾವ ತಂತಿ ಎಲ್ಲಿಗೆ ಬೆಸೆದಿದೆ ಎಂಬುದರ ಚಿತ್ರ ತೆಗೆದಿಟ್ಟುಕೊಳ್ಳಬೇಕು. ಕೆಂಪು ಬಲಕ್ಕೆ, ಹಸಿರು ಅಥವಾ ನೀಲಿ ಎಡಕ್ಕೆ, ತಾಮ್ರದ ಬಣ್ಣ ಬುಡಕ್ಕೆ ಎಂಬುದು ರೂಢಿ. ಆದರೂ ಬಣ್ಣವನ್ನು ನಂಬದೆ ಮೀಟರಿನಿಂದ ಖಚಿತಪಡಿಸಿಕೊಳ್ಳಬೇಕು.

ಸಾಕೆಟ್ಟನ್ನು ಬಟ್ಟಲಿನೊಳಗೆ ಇಟ್ಟು, ಡ್ರೈವರ್‌ಗೂ ಸ್ಕ್ರೂ ಕಂಬಗಳಿಗೂ ತಾಗದ ಜಾಗ ಗುರುತಿಸಬೇಕು. ಗೋಡೆ ತೀರ ದಪ್ಪವಾಗಿದ್ದರೆ ಸಾಕೆಟ್ಟಿನ ಮರೆ ಹೊರಗೆ ಬಾರದೆ ನಟ್ ಹಿಡಿಯುವುದಿಲ್ಲ. ಡ್ರೈವರನ್ನು ಟೇಪಿನಿಂದ ಮುಚ್ಚಿ, ಮೊದಲು ಸಣ್ಣ ರಂಧ್ರ ಕೊರೆದು, ಸಾಕೆಟ್ಟಿನ ಕತ್ತಿನ ಅಳತೆಗೆ ಹಿಗ್ಗಿಸಬೇಕು. ಡ್ರೈವರಿನ ಕಾಂತ ಕಬ್ಬಿಣದ ಪುಡಿಯನ್ನು ಎಳೆದುಕೊಳ್ಳುತ್ತದೆ. ಕೊರೆದ ಮೇಲೆ ಚೆನ್ನಾಗಿ ಒರೆಸಬೇಕು.

ಸಾಕೆಟ್ಟಿನಲ್ಲಿ ಕೆಲವೊಮ್ಮೆ ಐದು ಕಾಲುಗಳಿರುತ್ತವೆ. ಆಕ್ಸ್ ಕೇಬಲ್ ಸಿಕ್ಕಿಸಿ, ಅದರ ಇನ್ನೊಂದು ಪಿನ್ನಿನ ತುದಿ, ಉಂಗುರ, ಬುಡಗಳು ಯಾವ ಕಾಲಿಗೆ ಸಂಪರ್ಕಿಸುತ್ತವೆಂದು ಮೀಟರಿನಿಂದ ಕಂಡುಕೊಳ್ಳಬೇಕು. ಉಳಿದ ಕಾಲುಗಳನ್ನು ಹಾಗೆಯೇ ಬಿಡಬೇಕು.

ಹೆಡ್‌ಫೋನ್ ತಂತಿಯ ಎಳೆಗಳ ಮೇಲೆ ಬಣ್ಣದ ಎನಾಮಲ್ ಲೇಪವಿರುತ್ತದೆ, ನಡುವೆ ನೂಲೂ ಇರುತ್ತದೆ. ಲೇಪ ಹೋಗದೆ ಬೆಸುಗೆ ಹಿಡಿಯದು. ಬ್ಲೇಡಿನಿಂದ ಕೆರೆದರೆ ಎಳೆಗಳು ತುಂಡಾಗುತ್ತವೆ. ಐರನ್ ತುದಿಯಲ್ಲಿ ಕರಗಿದ ಸೋಲ್ಡರಿನ ಹನಿಯೊಳಗೆ ತಂತಿಯ ತುದಿಯನ್ನು ಕೆಲವು ಕ್ಷಣ ಹಿಡಿದರೆ ಲೇಪ ಸುಟ್ಟುಹೋಗಿ ತಂತಿ ಬೆಳ್ಳಗಾಗುತ್ತದೆ. ಈ ಹೊಗೆ ಕುಡಿಯಬಾರದು, ಕಿಟಕಿ ತೆರೆದಿರಬೇಕು.

ಡ್ರೈವರಿಗೆ ನೇರವಾಗಿ ಐರನ್ ತಾಗಿಸದಿರುವುದು ಒಳ್ಳೆಯದು. ಕಾಂತ ಐರನ್ನಿನ ತುದಿಯನ್ನು ಸೆಳೆಯುತ್ತದೆ, ಪಕ್ಕದಲ್ಲೇ ಕೂದಲೆಳೆಯಂಥ ಸುರುಳಿ ತಂತಿ ಇರುತ್ತದೆ. ಹಳೆಯ ತಂತಿಯನ್ನು ಮೂರು–ನಾಲ್ಕು ಸೆಂ.ಮೀ. ಉಳಿಸಿಕೊಂಡು ಅದಕ್ಕೇ ಹೊಸ ತಂತಿ ಸೇರಿಸಬೇಕು. ಸಾಕೆಟ್ಟಿನ ಬೆಸುಗೆಯನ್ನು ಹೊರಗೇ ಮುಗಿಸಿ ಆಮೇಲೆ ಬಟ್ಟಲಿನಲ್ಲಿ ಕೂರಿಸಿದರೆ ಪ್ಲಾಸ್ಟಿಕ್ ಕರಗುವುದಿಲ್ಲ. ಹಳೆಯ ಕೇಬಲ್ಲಿನ ರಂಧ್ರವನ್ನು ಅಂಟಿನಿಂದ ಮುಚ್ಚಬೇಕು. ಗಾಳಿ ಸೋರುವ ಬಟ್ಟಲಿನಲ್ಲಿ ತಗ್ಗು ಸ್ವರಗಳು ಕಡಿಮೆಯಾಗುತ್ತವೆ.

ಮುಚ್ಚುವ ಮೊದಲು ಮೂರು ಅಳತೆಗಳನ್ನು ಮತ್ತೆ ತೆಗೆಯಬೇಕು. ಬಳಿಕ ಒಬ್ಬರೇ ಓದಿದ ಧ್ವನಿಯನ್ನು ಕೇಳಬೇಕು. ದನಿ ತಲೆಯ ನಡುವಿನಿಂದ ಬಂದಂತಿದ್ದರೆ ಜೋಡಣೆ ಸರಿ. ಎತ್ತಲಿಂದಲೋ ಬಂದಂತೆ, ತೆಳುವಾಗಿ ಕೇಳಿದರೆ ಒಂದು ಡ್ರೈವರಿನ ಎರಡು ತಂತಿಗಳು ಅದಲುಬದಲಾಗಿವೆ.

ತರಗತಿಯಲ್ಲಿ ಬಳಕೆ

ಬೆಸುಗೆಯ ಕೆಲಸ ಶಿಕ್ಷಕರದು. ಅದನ್ನು ಮಕ್ಕಳಿಂದ ಮಾಡಿಸಬಾರದು. ಸೋಲ್ಡರಿನಲ್ಲಿ ಸೀಸವಿರಬಹುದಾದ್ದರಿಂದ ಮುಗಿದ ಮೇಲೆ ಶಿಕ್ಷಕರೂ ಕೈ ತೊಳೆಯಬೇಕು. ಮಕ್ಕಳ ಪಾಲಿಗೆ ಇರುವುದು ಪತ್ತೆಯ ಕೆಲಸ. ಸರಿಯಿರುವ ಒಂದು, ತುದಿಯ ತಂತಿ ತುಂಡಾದ ಒಂದು, ಬುಡದ ತಂತಿ ತುಂಡಾದ ಒಂದು ಹೆಡ್‌ಫೋನನ್ನು ಗುಂಪುಗಳಿಗೆ ಕೊಟ್ಟು, ಮೂರು ಅಳತೆಗಳನ್ನು ಕೋಷ್ಟಕದಲ್ಲಿ ಬರೆಸಬಹುದು. ಮೂರನೆಯ ಅಳತೆ ಮೊದಲೆರಡರ ಮೊತ್ತವೇಕೆ ಎಂದು ಕೇಳಿದರೆ ಸರಣಿ ಜೋಡಣೆಯ ಸೂತ್ರ ಮಕ್ಕಳ ಬಾಯಿಂದಲೇ ಬರುತ್ತದೆ.

ಬುಡದ ದೋಷವನ್ನು ಕಣ್ಣಿಗೆ ಕಾಣಿಸಲು ಎರಡು ಶುಷ್ಕಕೋಶ, ಎರಡು ಟಾರ್ಚ್ ಬಲ್ಬ್ ಸಾಕು. ಎರಡೂ ಕೋಶಗಳ ಋಣ ತುದಿಗಳನ್ನು ಒಟ್ಟಿಗೆ ಸೇರಿಸಬೇಕು. ಪ್ರತಿ ಧನ ತುದಿಗೆ ಒಂದೊಂದು ಬಲ್ಬ್ ಜೋಡಿಸಿ, ಬಲ್ಬ್‌ಗಳ ಇನ್ನೊಂದು ತುದಿಗಳನ್ನು ಕೂಡಿಸಿ, ಅಲ್ಲಿಂದ ಒಂದೇ ತಂತಿಯನ್ನು ಋಣ ತುದಿಗಳಿಗೆ ತರಬೇಕು. ಎರಡೂ ಬಲ್ಬ್ ಉರಿಯುತ್ತವೆ. ಆ ಸಾಮಾನ್ಯ ತಂತಿಯನ್ನು ತೆಗೆಯುವ ಮೊದಲು ‘ಏನಾಗಬಹುದು?’ ಎಂದು ಊಹೆ ಬರೆಸಬೇಕು. ತೆಗೆದರೆ ಎರಡೂ ಆರುತ್ತವೆ. ಈಗ ಒಂದು ಕೋಶವನ್ನು ತಿರುಗಿಸಿ ಜೋಡಿಸಿದರೆ ಸಾಮಾನ್ಯ ತಂತಿ ಇಲ್ಲದೆಯೂ ಎರಡೂ ಉರಿಯುತ್ತವೆ. ಪ್ರವಾಹಕ್ಕೆ ಬೇಕಾದದ್ದು ವಿಭವಾಂತರ ಎಂಬ ಮಾತು ಇಲ್ಲಿ ವ್ಯಾಖ್ಯೆಯಾಗಿ ಉಳಿಯದೆ ಅನುಭವವಾಗುತ್ತದೆ. ಓದು ಕೇಳಿಸದ ಹೆಡ್‌ಫೋನಿನಲ್ಲಿ ವಾದ್ಯಗಳು ಕೇಳಿಸುವುದೇಕೆಂದು ಮಕ್ಕಳೇ ವಿವರಿಸಬಲ್ಲರು.

ಭಾಷಾ ವಿಷಯದ ಪ್ರಶಿಕ್ಷಣಾರ್ಥಿಗಳು ಇಷ್ಟೆಲ್ಲ ಮಾಡಬೇಕಾಗಿಲ್ಲ. ಪಾಠಯೋಜನೆಯ ಪೂರ್ವಸಿದ್ಧತೆಯಲ್ಲಿ ಎರಡು ಸಾಲು ಸೇರಿಸಿಕೊಂಡರೆ ಸಾಕು: ಪ್ರತಿ ಹೆಡ್‌ಫೋನನ್ನೂ ಅಂದಿನ ಪಾಠದ ಧ್ವನಿಮುದ್ರಣದಿಂದಲೇ ಪರೀಕ್ಷಿಸುವುದು, ಕೇಬಲ್ ಕಳಚುವ ಹೆಡ್‌ಫೋನ್‌ಗಳಿದ್ದರೆ ಎರಡು ಬಿಡಿ ಕೇಬಲ್ ಜೊತೆಗೆ ಒಯ್ಯುವುದು. ಪಾಠ ವೀಕ್ಷಿಸುವ ಬೋಧಕರೂ ಮಕ್ಕಳ ಉತ್ತರಗಳನ್ನು ನೋಡುವ ಮುನ್ನ ಹಿಂದಿನ ಸಾಲಿನ ಒಂದು ಹೆಡ್‌ಫೋನನ್ನು ತಮ್ಮ ಕಿವಿಗೆ ಹಾಕಿಕೊಂಡು ಕೇಳುವುದು ಒಳ್ಳೆಯದು.