ಒಸಗೆಯಿಂದ ಹಸೆಗೆ: ಬಾಲ್ಯವಿವಾಹ, ಶಾಲೆ ಮತ್ತು ಹೆಸರಿಲ್ಲದ ವಯಸ್ಸು

ಬಾಲ್ಯವಿವಾಹವನ್ನು ಕುರಿತ ಕನ್ನಡದ ಸಾಹಿತ್ಯಕ ಚರ್ಚೆ ಬಹುಮಟ್ಟಿಗೆ ಬಾಲವಿಧವೆಯ ಸುತ್ತಲೇ ನಡೆದಿದೆ. ಗುಲ್ವಾಡಿ ವೆಂಕಟರಾಯರ ‘ಇಂದಿರಾಬಾಯಿ’ (1899) ಕಾದಂಬರಿಯಿಂದ ಎಂ.ಕೆ. ಇಂದಿರಾ ಅವರ ‘ಫಣಿಯಮ್ಮ’ (1976)ದವರೆಗೆ ಕೇಂದ್ರದಲ್ಲಿರುವುದು ಅದೇ ಪಾತ್ರ. ನಂಜನಗೂಡು ತಿರುಮಲಾಂಬಾ ಮತ್ತು ‘ಸರಸ್ವತಿ’ ಪತ್ರಿಕೆಯ ಆರ್. ಕಲ್ಯಾಣಮ್ಮ ಸ್ವತಃ ಬಾಲವಿಧವೆಯರು. ಅಕ್ಷರವೇ ಅವರ ಬದುಕಿನ ದಿಕ್ಕನ್ನು ಬದಲಿಸಿತು. ಈ ಪರಂಪರೆಯ ಮಹತ್ವ ನಿರ್ವಿವಾದ. ಆದರೆ ಅದರಿಂದ ಒಂದು ತೊಡಕೂ ಉಂಟಾಗಿದೆ. ಬಾಲ್ಯವಿವಾಹವೆಂಬುದು ಅಗ್ರಹಾರದ ಸಮಸ್ಯೆ, ಮುಗಿದುಹೋದ ಕಾಲದ ಸಮಸ್ಯೆ ಎಂಬ ಗ್ರಹಿಕೆ ತರಗತಿಗಳಲ್ಲಿ ಬಲವಾಗಿ ಬೇರೂರಿದೆ. ವಾಸ್ತವ ಹಾಗಿಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 20ರಿಂದ 24 ವರ್ಷದ ಮಹಿಳೆಯರ ಪೈಕಿ ಶೇ. 21.3ರಷ್ಟು ಮಂದಿ 18 ತುಂಬುವ ಮೊದಲೇ ಮದುವೆಯಾದವರು. 2015-16ರ ಸಮೀಕ್ಷೆಯಲ್ಲಿ ಈ ಪ್ರಮಾಣ ಶೇ. 21.4 ಇತ್ತು. ನಡುವಿನ ಅವಧಿಯಲ್ಲಿ ಅದು ಅಲುಗಾಡಲೇ ಇಲ್ಲ ಎನ್ನಬಹುದು.

ಇಲ್ಲಿ ಎರಡು ಬೇರೆ ಬೇರೆ ಬಾಲ್ಯವಿವಾಹಗಳಿವೆ ಎಂಬುದನ್ನು ಗಮನಿಸಬೇಕು. ಒಂದು, ಮೈನೆರೆಯುವ ಮೊದಲೇ ಧಾರೆಯೆರೆಯಬೇಕೆಂಬ ಧರ್ಮಶಾಸ್ತ್ರೀಯ ನಿರ್ಬಂಧದಿಂದ ಹುಟ್ಟಿದ್ದು. ಫಣಿಯಮ್ಮನದು ಈ ಬಗೆಯದು. ಇನ್ನೊಂದು, ಮೈನೆರೆದ ಮೇಲೆ ಇನ್ನು ತಡಮಾಡಬಾರದೆಂಬ ಆತಂಕದಿಂದ ಹುಟ್ಟಿದ್ದು. ಕಾನೂನಿನ ಇತಿಹಾಸದಲ್ಲಿ ಈ ಎರಡರ ನಡುವಿನ ಗಡಿ ಸ್ಪಷ್ಟವಾಗಿ ಕಾಣುತ್ತದೆ. ಮೈಸೂರು ಸಂಸ್ಥಾನವು 1894ರಲ್ಲಿ ತಂದ ಶಿಶುವಿವಾಹ ಪ್ರತಿಬಂಧಕ ಶಾಸನವು 8 ವರ್ಷ ತುಂಬದ ಹೆಣ್ಣುಮಕ್ಕಳ ವಿವಾಹವನ್ನೂ, 50 ದಾಟಿದ ಪುರುಷನು 14 ತುಂಬದ ಹುಡುಗಿಯನ್ನು ವರಿಸುವುದನ್ನೂ ಶಿಕ್ಷಾರ್ಹಗೊಳಿಸಿತು. ಬ್ರಿಟಿಷ್ ಇಂಡಿಯಾದ 1929ರ ಶಾರದಾ ಕಾಯ್ದೆ ಈ ಮಿತಿಯನ್ನು 14 ಎಂದಿತು; ಅದು 1949ರಲ್ಲಿ 15ಕ್ಕೂ 1978ರಲ್ಲಿ 18ಕ್ಕೂ ಏರಿತು. 8 ವರ್ಷದ ಗೆರೆ ಮೈನೆರೆಯುವಿಕೆಗೆ ಮುಂಚಿನದು, 18ರ ಗೆರೆ ಅದಕ್ಕೆ ಎಷ್ಟೋ ಆಚೆಯದು. ಹೀಗಾಗಿ ಮೈನೆರೆದ ಮೇಲೆ ಮದುವೆ ಮಾಡುವ ರೂಢಿಯೇ ಹೆಚ್ಚಾಗಿದ್ದ ಒಕ್ಕಲು ಸಮುದಾಯಗಳಿಗೆ 1894ರ ಶಾಸನ ಅಷ್ಟಾಗಿ ತಟ್ಟಲಿಲ್ಲ; 1978ರ ಗೆರೆ ಮಾತ್ರ ಅವರ ರೂಢಿಯ ನಡುವೆಯೇ ಹಾದುಹೋಯಿತು. ಸಾಹಿತ್ಯ ವಿಮರ್ಶೆ ಈ ಸ್ಥಿತ್ಯಂತರವನ್ನು ಗುರುತಿಸಿದ್ದು ಕಡಿಮೆ.

ಮದ್ದೂರು, ಮಳವಳ್ಳಿ, ಮಂಡ್ಯ ತಾಲ್ಲೂಕುಗಳ ಸೀಮೆಯಲ್ಲಿ ನಿಂತು ನೋಡಿದರೆ ಈ ಮಾತು ಇನ್ನಷ್ಟು ತಿಳಿಯಾಗುತ್ತದೆ. ಹಳೆಯ ಮೈಸೂರಿನ ಹಳ್ಳಿಗಳಲ್ಲಿ ಹುಡುಗಿ ‘ದೊಡ್ಡವಳಾದಾಗ’ ಸೋದರಮಾವ ಹಸಿರು ಸೊಪ್ಪಿನ ಗುಡ್ಲು ಹಾಕುತ್ತಾನೆ. ಕೊನೆಗೆ ಒಸಗೆ ನಡೆಯುತ್ತದೆ. ಒಸಗೆ ಎಂಬ ಪದದ ಹಳಗನ್ನಡದ ಅರ್ಥಗಳಲ್ಲಿ ಶುಭವಾರ್ತೆಯೂ ಒಂದು. ಡಿ.ವಿ.ಜಿ.ಯವರ ‘ಉಮರನ ಒಸಗೆ’ಯ ಶೀರ್ಷಿಕೆಯಲ್ಲಿ ಉಳಿದಿರುವುದು ಈ ವಾರ್ತೆಯ ಅರ್ಥವೇ. ಆ ಅರ್ಥ ಆಚರಣೆಯಲ್ಲಿಯೂ ಸತ್ತಿಲ್ಲ: ಒಸಗೆಯೆಂದರೆ ಈ ಮನೆಯಲ್ಲಿ ಮದುವೆಗೆ ಬಂದ ಹೆಣ್ಣೊಂದು ಇದೆ ಎಂದು ಊರಿಗೂ ನೆಂಟರಿಗೂ ಮುಟ್ಟಿಸುವ ವಾರ್ತೆ. ಸೋದರಿಕೆಯ ಸಂಬಂಧ ರೂಢಿಯಲ್ಲಿರುವ ಕಡೆ ಗುಡ್ಲು ಹಾಕುವ ಮಾವನೇ, ಇಲ್ಲವೆ ಅವನ ಮಗನೇ, ವರನಾಗಬಹುದಾದವನು. ಅಂದರೆ ವಾರ್ತೆ ಹೊರಟಾಗಲೇ ಅದನ್ನು ಪಡೆಯುವವನೂ ಗೊತ್ತಾಗಿರುತ್ತಾನೆ. ಇನ್ನು ‘ಹೆಣ್ಣು’ ಎಂಬ ಮಾತು ಹುಟ್ಟಿದ ಕೂಸಿಗೂ ಹಸೆಯ ಮೇಲಿನ ವಧುವಿಗೂ ಒಂದೇ: ‘ಹೆಣ್ಣು ಹುಟ್ಟಿತು’, ‘ಹೆಣ್ಣು ನೋಡಿದರು’, ‘ಹೆಣ್ಣು ಕೊಟ್ಟರು’. ಒಸಗೆಗೂ ಹಸೆಗೂ ನಡುವಣ ಐದಾರು ವರ್ಷಗಳಿಗೆ ರೂಢಿಯ ನುಡಿಯಲ್ಲಿ ಹೆಸರೇ ಇಲ್ಲ. ಆ ಅವಧಿಗೆ ಹೆಸರು ಕೊಟ್ಟದ್ದು ಶಾಲೆ. ‘ಒಂಬತ್ತನೇ ಕ್ಲಾಸಿನ ಹುಡುಗಿ’, ‘ಪಿಯುಸಿ ಓದುತ್ತಿದ್ದಾಳೆ’ ಎನ್ನುವಾಗ ಹುಡುಗಿಗೆ ಮಗಳು, ಸೊಸೆ ಎಂಬ ಎರಡು ಸ್ಥಾನಗಳ ನಡುವೆ ಮೂರನೆಯ ಸ್ಥಾನವೊಂದು ದೊರಕುತ್ತದೆ. ನೆಂಟರು ಕೇಳಿದಾಗ ತಂದೆತಾಯಿಗೆ ಹೇಳಲು ಒಂದು ಉತ್ತರವೂ ಸಿಗುತ್ತದೆ.

ವಯಸ್ಸಿನ ಲೆಕ್ಕವನ್ನು ಊರಿಗೆ ತಂದದ್ದೂ ಶಾಲೆಯೇ. ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ದೊರೆತ ಪ್ರಸಿದ್ಧ ಶಾಸನವು ಹಂದಿಯೊಡನೆ ಹೋರಾಡಿ ಸತ್ತ ಕಾಳಿ ಎಂಬ ಬೇಟೆನಾಯಿಯ ನೆನಪನ್ನು ಶಕವರ್ಷ 872ರ ಲೆಕ್ಕದ ಸಮೇತ ಕಲ್ಲಿನಲ್ಲಿ ಉಳಿಸಿದೆ. ಅದೇ ನೆಲದಲ್ಲಿ ಹುಟ್ಟಿದ ಹೆಣ್ಣುಮಕ್ಕಳ ವರ್ಷವನ್ನು ಬರೆದಿಟ್ಟವರು ವಿರಳ. ‘ದೊಡ್ಡ ಮಳೆ ಬಂದ ವರ್ಷ’ ಎಂಬಂತಹ ನೆನಪುಗಳೇ ಜನ್ಮದಿನಾಂಕಗಳು. 2015ರ ಬಾಲನ್ಯಾಯ ಕಾಯ್ದೆಯ 94ನೇ ಕಲಮು ವಯಸ್ಸಿನ ನಿರ್ಧಾರಕ್ಕೆ ಶಾಲೆಯ ಜನ್ಮದಿನಾಂಕ ಪತ್ರ ಅಥವಾ ಹತ್ತನೇ ತರಗತಿಯ ಪ್ರಮಾಣಪತ್ರವನ್ನು ಮೊದಲು ಪರಿಗಣಿಸುತ್ತದೆ. ಸ್ಥಳೀಯ ಸಂಸ್ಥೆಯ ಜನನ ಪ್ರಮಾಣಪತ್ರ ಅದರ ನಂತರ, ವೈದ್ಯಕೀಯ ಪರೀಕ್ಷೆ ಕಡೆಗೆ. ತಡೆಯುವ ಅಧಿಕಾರಿ ಮಂಟಪಕ್ಕೆ ಬಂದಾಗ ಹುಡುಗಿಯ ಪರವಾಗಿ ಮಾತಾಡುವುದು ಮುಖ್ಯೋಪಾಧ್ಯಾಯರ ಬೀರುವಿನಲ್ಲಿರುವ ದಾಖಲಾತಿ ಪುಸ್ತಕ.

ಆದರೆ ಶಾಲೆಯ ಆಸರೆ ಬೇಕಾದ ಹೊತ್ತಿನಲ್ಲಿಯೇ ಸಡಿಲವಾಗುತ್ತದೆ. 2010ರ ಏಪ್ರಿಲ್ 1ರಂದು ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯ್ದೆ 6ರಿಂದ 14 ವರ್ಷದವರಿಗೆ, ಎಂಟನೇ ತರಗತಿಯವರೆಗೆ ಮಾತ್ರ. 2006-07ರ ಭಾಗ್ಯಲಕ್ಷ್ಮಿ ಯೋಜನೆಯು ಬಡ ಕುಟುಂಬಗಳ ಹೆಣ್ಣುಮಕ್ಕಳಿಗೆ 18 ತುಂಬುವವರೆಗೆ ಮದುವೆಯಾಗಬಾರದೆಂಬ ಷರತ್ತು ಹಾಕಿತು. ಓದಿನ ಷರತ್ತು ಮಾತ್ರ ಎಂಟನೇ ತರಗತಿಗೇ ನಿಂತಿತು. ಆ ಯೋಜನೆಯ ಮೊದಲ ಫಲಾನುಭವಿಗಳು 18 ತುಂಬಿದ್ದು 2024ರಲ್ಲಿ. ಹೀಗೆ ಎರಡು ಕಡೆಯೂ 14ರಿಂದ 18ರ ನಡುವಿನ ನಾಲ್ಕು ವರ್ಷಗಳು ಯಾರ ಹೊಣೆಗೂ ಸೇರದೆ ಉಳಿದಿವೆ. ಒಸಗೆಯ ಬೆನ್ನಿಗೆ ಬರುವ ವರ್ಷಗಳು ಇವೇ ಎಂಬುದು ಕಾಕತಾಳೀಯವಾಗಿರಬಹುದು. ಪರಿಣಾಮ ಮಾತ್ರ ಹಾಗಲ್ಲ.

ದೂರವೇ ಅಡ್ಡಿ ಎಂಬ ವಾದವುಂಟು. ಎಂಟನೇ ತರಗತಿಯ ಮಕ್ಕಳಿಗೆ 2006-07ರಿಂದ ಕೊಟ್ಟ ಬೈಸಿಕಲ್ಲು (ಕೋವಿಡ್ ಕಾಲದಲ್ಲಿ ಈ ವಿತರಣೆ ನಿಂತಿತು), 2023ರ ಜೂನ್ 11ರಂದು ಆರಂಭವಾದ ಶಕ್ತಿ ಯೋಜನೆಯ ಉಚಿತ ಬಸ್ ಪ್ರಯಾಣ ಇವೆರಡೂ ಆ ಅಡ್ಡಿಯನ್ನು ತಗ್ಗಿಸಿದ ಕ್ರಮಗಳೇ. ಆದರೆ ಶಿಂಷಾ ನದಿಯ ದಡದಲ್ಲಿ, ವೈದ್ಯನಾಥೇಶ್ವರ ದೇವಾಲಯದ ಸುತ್ತ ಬೆಳೆದ ವೈದ್ಯನಾಥಪುರವನ್ನು ತೆಗೆದುಕೊಳ್ಳಿ. ಮದ್ದೂರು ಪಟ್ಟಣ ಅದಕ್ಕೆ ಪಕ್ಕದಲ್ಲೇ ಇದೆ. ಇಂತಹ ಊರಿನಲ್ಲಿ ಹುಡುಗಿಯೊಬ್ಬಳು ಹತ್ತನೇ ತರಗತಿಗೆ ಓದು ನಿಲ್ಲಿಸಿದರೆ ದೂರವನ್ನು ಕಾರಣವಾಗಿ ಕೊಡಲಾಗದು. ಕಾರಣ ದಾರಿಯ ಉದ್ದದಲ್ಲಿಲ್ಲ. ದಾರಿಯಲ್ಲಿ ಅವಳನ್ನು ಯಾರು ನೋಡುತ್ತಾರೆ, ಅವಳು ಯಾರೊಡನೆ ಮಾತಾಡುತ್ತಾಳೆ ಎಂಬ ಭಯದಲ್ಲಿದೆ.

2006ರ ಬಾಲ್ಯವಿವಾಹ ನಿಷೇಧ ಕಾಯ್ದೆಯ ಮೂಲರೂಪದಲ್ಲಿ ಇಂತಹ ಮದುವೆಯು ಸಾಮಾನ್ಯವಾಗಿ ಮಗುವಿನ ಇಚ್ಛೆಯ ಮೇಲೆ ರದ್ದಾಗಬಲ್ಲದ್ದಾಗಿತ್ತು. ಹೈಕೋರ್ಟಿನ ನಿರ್ದೇಶನದಂತೆ ರಚಿತವಾದ ನ್ಯಾಯಮೂರ್ತಿ ಶಿವರಾಜ ಪಾಟೀಲ ಸಮಿತಿ 2011ರಲ್ಲಿ ವರದಿ ನೀಡಿತು. 2017ರಲ್ಲಿ ಜಾರಿಗೆ ಬಂದ ರಾಜ್ಯ ತಿದ್ದುಪಡಿಯ ಮೂಲಕ ಕರ್ನಾಟಕವು ಅಂತಹ ಮದುವೆಯನ್ನು ಆರಂಭದಿಂದಲೇ ಅನೂರ್ಜಿತಗೊಳಿಸಿತು. ಮದುವೆ ನಡೆಸುವ ಪುರೋಹಿತನಿಂದ ಹಿಡಿದು ಒತ್ತಾಸೆ ಕೊಟ್ಟ ಬಂಧುವಿನವರೆಗೆ ಎಲ್ಲರೂ ಹೊಣೆಗಾರರು. ಇದು ಅಗತ್ಯವಾದ ಕಠಿಣತೆ. ಆದರೆ ಮದುವೆ ನಿಂತ ಮಾರನೆಯ ದಿನ ಆ ಹುಡುಗಿ ಎಲ್ಲಿರುತ್ತಾಳೆ ಎಂಬ ಪ್ರಶ್ನೆಗೆ ಕಾಯ್ದೆಯ ಉತ್ತರ ತೆಳುವಾದದ್ದು. ಬರೆಸಿಕೊಂಡ ಮುಚ್ಚಳಿಕೆ ಮತ್ತೊಂದು ಊರಿನ, ಮತ್ತೊಂದು ಮುಹೂರ್ತದ ಮದುವೆಯನ್ನು ತಡೆಯಲಾರದು. ಸೋಮವಾರದ ಹಾಜರಿ ತಡೆಯಬಲ್ಲದು.

ಈ ಸೀಮೆಯ ಇತ್ತೀಚಿನ ಎರಡು ಘಟನೆಗಳನ್ನು ಒಟ್ಟಿಗೆ ಓದಬೇಕಾಗಿದೆ. 2023ರ ಫೆಬ್ರವರಿಯಲ್ಲಿ ಮದ್ದೂರು ತಾಲ್ಲೂಕಿನ ಕೆ.ಎಂ. ದೊಡ್ಡಿಯಿಂದ ಮಲೆ ಮಹದೇಶ್ವರ ಬೆಟ್ಟಕ್ಕೆ ಹೆಣ್ಣು ಸಿಗದ ಅವಿವಾಹಿತ ಯುವಕರು ಪಾದಯಾತ್ರೆ ಹೋದರು. ಅದೇ ವರ್ಷದ ಕೊನೆಯ ಭಾಗದಲ್ಲಿ ಮಂಡ್ಯ ತಾಲ್ಲೂಕಿನ ಆಲೆಮನೆಯೊಂದರಲ್ಲಿ ಭ್ರೂಣಲಿಂಗ ಪತ್ತೆ ನಡೆಯುತ್ತಿದ್ದುದು ಬಯಲಾಯಿತು. ಹೆಣ್ಣು ವಿರಳವಾದರೆ ಅವಳ ಬೆಲೆ ಹೆಚ್ಚುತ್ತದೆ ಎಂಬ ಸರಳ ಲೆಕ್ಕ ಇಲ್ಲಿ ನಡೆಯದು. ಹೆಚ್ಚುವುದು ಅವಳನ್ನು ಬೇಗ ಗೊತ್ತುಮಾಡಿಕೊಳ್ಳುವ ಒತ್ತಡ. ಜೊತೆಗೆ, ಓದಿದ ಹುಡುಗಿಯರು ರೈತನನ್ನು ಒಲ್ಲೆ ಎನ್ನುತ್ತಾರೆ ಎಂಬ ದೂರು ಹರಡಿದಷ್ಟೂ ಅವಳ ಓದನ್ನೇ ತಪ್ಪಾಗಿ ಎಣಿಸುವ ಮಾತು ಬಲಗೊಳ್ಳುತ್ತದೆ. ಅವಳು ಒಲ್ಲೆ ಎನ್ನುವಷ್ಟು ಬೆಳೆದದ್ದು ಶಾಲೆಯ ಸಾಧನೆ ಎಂದು ಹೇಳುವವರು ಆ ಚರ್ಚೆಯಲ್ಲಿ ಕಡಿಮೆ.

‘ಇಂದಿರಾಬಾಯಿ’ಯಲ್ಲಿ ನಾಯಕಿ ಮೊದಲು ವಿಧವೆಯಾಗುತ್ತಾಳೆ, ಓದು ಅನಂತರ ಬರುತ್ತದೆ, ಕಳೆದುಹೋದದ್ದನ್ನು ವಿದ್ಯೆ ತುಂಬಿಕೊಡುವ ಕಥನಕ್ರಮ ಅದು. ‘ಫಣಿಯಮ್ಮ’ನಿಗೆ ಆ ಅವಕಾಶವೂ ಇಲ್ಲ. ಈ ಎರಡು ಕೃತಿಗಳನ್ನು ಪಾಠ ಮಾಡುವ ಪದವಿ ತರಗತಿಯಲ್ಲಿ ಕುಳಿತಿರುವವರು 18 ದಾಟಿ ಬಂದ ಹುಡುಗಿಯರು. ಎಂಟನೇ ತರಗತಿಯಲ್ಲಿ ಅವರ ಪಕ್ಕ ಕುಳಿತಿದ್ದವರಲ್ಲಿ ಎಷ್ಟು ಮಂದಿ ಆ ಬೆಂಚಿನವರೆಗೆ ಬಂದಿದ್ದಾರೆ ಎಂದು ಕೇಳಿದರೆ, ಪಾಠ ಅಗ್ರಹಾರದಿಂದ ಹೊರಟು ಅವರವರ ಊರನ್ನು ತಲುಪುತ್ತದೆ.